ಇನ್ನೂ ಒಲೆ ಹಚ್ಚಿಲ್ಲ

ಮಂಚದ ಕೆಳಗೆ ಅರ್ಧ ಮೈ ತೂರಿಸಿ ಮಗಳು ಚಾಪೆಗಳಿಗಾಗಿ ತಡಕಾಡುತ್ತಿದ್ದಾಗ ಕೈಗೆ ಮೆತ್ತಗಿನದೇನೋ ತಾಗಿತು. ಹೊರಗೆ ಜನ ಬರುತ್ತಲೇ ಇದ್ದರು, ಕುರ್ಚಿಗಳು ಸಾಲದೆ ಹೋಗಿದ್ದವು. ಚಾಪೆಗಳ ಜೊತೆಗೆ ಅದನ್ನೂ ಎಳೆದುಕೊಂಡಳು. ಕುಂಬಳಕಾಯಿಯಷ್ಟು ಗಾತ್ರದ ಗುಂಡನೆಯ ಗಂಟು. ಕಾರಿನ ಸೀಟಿಗೆ ಹಾಕುವ ದಪ್ಪ ಬಟ್ಟೆಯ ತುಂಡುಗಳನ್ನು, ಬೂದು, ಕಂದು, ಕಡುನೀಲಿ, ಒಂದಕ್ಕೊಂದು ಜೋಡಿಸಿ ಹೊಲಿದಿದ್ದರು. ಒಳಪದರದಲ್ಲಿ ಸ್ಪಂಜು. ಸೊಂಟದ ಸುತ್ತ ಜಿಪ್ಪು. ಜಿಪ್ಪು ಎಳೆದರೆ ಒಳಗೆ ಟೊಳ್ಳು. ಏನೂ ಇರಲಿಲ್ಲ, ಒಂದು ವಾಸನೆಯ ಹೊರತು. ಅದು ಭಾನುವಾರದ ಮಧ್ಯಾಹ್ನದ ವಾಸನೆ ಎಂದು ಅವಳಿಗೆ ಅನ್ನಿಸಿತು. ಯಾಕೆ ಹಾಗನ್ನಿಸಿತೋ ತಿಳಿಯಲಿಲ್ಲ.

ಅಮ್ಮ ಮುಂದಿನ ಕೋಣೆಯಲ್ಲಿ ಮಲಗಿದ್ದಳು. ನಿನ್ನೆ ಮಧ್ಯಾಹ್ನ ಹೊಲಿಗೆ ಮೆಷಿನ್ನಿನ ಮೇಲೆ ಒಂದು ನಿಮಿಷ ಎಂದು ತಲೆಯಿಟ್ಟವಳು ಏಳಲಿಲ್ಲ. ಮುಖದಲ್ಲಿ ನಿದ್ದೆಯೇ ಇತ್ತು. ಕಿಟಕಿಯ ಆಚೆ, ಖಾಲಿ ಬಯಲು ದಾಟಿದರೆ ಹೆದ್ದಾರಿ. ಅದರ ಸದ್ದು ಎಲ್ಲೋ ದೂರದ ಕಡಲಿನ ಹಾಗೆ ಏರುತ್ತ ಇಳಿಯುತ್ತ ಮನೆಯೊಳಗೆ ಬರುತ್ತಿತ್ತು. ಆ ಸದ್ದಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಕೇಳಿಸುವುದೇ ಇಲ್ಲ. ಇವತ್ತು ಕೇಳಿಸುತ್ತಿತ್ತು.

"ನಾಲ್ಕಕ್ಕೆ ಎತ್ತಬೇಕು," ಎಂದರು ದೊಡ್ಡಪ್ಪ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ನಿವೃತ್ತರಾದವರು, ಮನೆಯಲ್ಲೂ ಹಸಿರು ಬಾವುಟ ಹಿಡಿದೇ ಓಡಾಡುವವರು. "ಕತ್ತಲಾಗೋದರೊಳಗೆ ಮಣ್ಣು ಮುಗಿಸಿ ಅಂದಿದ್ದಾನೆ ಸ್ಮಶಾನದವನು. ನಮ್ಮ ಆಮೆ ಬದುಕಿದ್ದಾಗ ಒಂದು ದಿನ ಹೊತ್ತಿಗೆ ಸರಿಯಾಗಿ ಊಟ ಹಾಕಲಿಲ್ಲ. ಇವತ್ತಾದರೂ ಹೊತ್ತಿಗೆ ಹೊರಡಲಿ."

ಒಂದಿಬ್ಬರು ಮೆಲ್ಲಗೆ ನಕ್ಕರು. ಅಮ್ಮನಿಗೆ ಆಮೆ ಎಂದು ಹೆಸರಿಟ್ಟವರು ಅವರೇ. ನಗುತ್ತ ಹೇಳಿದ ಅವರ ಕಣ್ಣೇ ಒದ್ದೆಯಾಗಿತ್ತು.

ಮಗಳ ಮೊಬೈಲ್ ಬಡಿದುಕೊಂಡಿತು. ತಮ್ಮ. ಬೆಳಿಗ್ಗೆಯೇ ಹೊರಟವನು ಇನ್ನೂ ದಾರಿಯಲ್ಲೇ ಇದ್ದ.

"ಅಕ್ಕಾ, ಎಷ್ಟೊತ್ತಿಗೆ?"

ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಫೋನಿನತ್ತ ಬಗ್ಗಿ ಕೂಗಿದರು. "ನಾಲ್ಕಕ್ಕೆ ಕಣೋ! ಬೇಗ ಬಾ, ಆಮೇಲೆ ಮುಖ ನೋಡೋಕೆ ಸಿಗಲ್ಲ."

"ಬಂದೆ. ಬಿಟ್ಟಿದ್ದೀನಿ ಗಾಡಿನ, ಹಾರಿಸ್ಕೊಂಡೇ ಬರ್ತಿದ್ದೀನಿ." ಅವನ ಮಾತಿನ ಹಿಂದೆ ಉದ್ದದೊಂದು ಹಾರ್ನು, ಗಾಳಿಯ ಸುಂಯ್ ಸದ್ದು. ಇವತ್ತು ಕಾರಿನಲ್ಲಿ ಹೊರಟಿದ್ದ ಅವನು ದಿನವೂ ಬೇಕರಿಯ ವ್ಯಾನು ಓಡಿಸುವವನು. ಅಮ್ಮನಿಗಿಂತ ಬ್ರೆಡ್ಡಿಗೆ ಹೆಚ್ಚು ಅವಸರ ಎಂದು ಅಪ್ಪ ರೇಗಿಸುತ್ತಿದ್ದ. ಫೋನು ಕಟ್ಟಾಯಿತು. ಮಗಳು ಆ ಗುಂಡನೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹಾಗೆಯೇ ಕುಳಿತಳು.

*

ಅಪ್ಪ ಲಾರಿ ಓಡಿಸುತ್ತಿದ್ದ ಕಾಲ. ಭಾನುವಾರ ಮಧ್ಯಾಹ್ನಕ್ಕೆ ಅವನು ಮನೆಗೆ ಬರುವುದು. ದಾರಿಯ ಯಾವುದೋ ಅಂಗಡಿಯಿಂದ ಫೋನು ಮಾಡುತ್ತಿದ್ದ. ಅಮ್ಮ ಗೋಡೆಗೆ ಒರಗಿ, ಫೋನಿನ ಸುರುಳಿ ತಂತಿಯನ್ನು ಬೆರಳಿಗೆ ಸುತ್ತುತ್ತ ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು.

"ಇನ್ನೂ ಒಲೆ ಹಚ್ಚಿಲ್ಲ ರೀ. ನಿಧಾನವಾಗಿ ಬನ್ನಿ. ಬೇಕಾದರೆ ಎಲ್ಲಾದರೂ ನೆರಳು ನೋಡಿ ಒಂದು ನಿದ್ದೆ ಮಾಡಿ."

ಅಕ್ಕ, ತಮ್ಮ ಹೊಟ್ಟೆ ಹಿಡಿದುಕೊಂಡು ಕಿಟಕಿಯಲ್ಲಿ ನೇತಾಡುತ್ತಿದ್ದರು. ಬಯಲಿನಾಚೆ ಬಿಸಿಲು ನೀರಿನ ಹಾಗೆ ಅಲುಗುತ್ತಿತ್ತು. ಆ ನೀರಿನೊಳಗಿಂದ ಕೊನೆಗೊಮ್ಮೆ ಹಸಿರು ಲಾರಿ ಮೇಲೆದ್ದು, ತೇಲುವಂತೆ ತಿರುವಿನಲ್ಲಿ ಇಳಿಯುತ್ತಿತ್ತು. ಅಮ್ಮ ಓಡಿ ಬರುತ್ತಿರಲಿಲ್ಲ. ಮೆಲ್ಲಗೆ ಅಂಗಳಕ್ಕೆ ಬಂದು, ಗಂಡನ ಮುಖ ನೋಡುವುದಕ್ಕೂ ಮೊದಲು ಲಾರಿಯ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದಳು. ಮಕ್ಕಳಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದಳಲ್ಲ, ಹಾಗೆ.

"ಏನು, ಲಾರಿಗೆ ಆರತಿ ಎತ್ತುತ್ತೀಯೋ? ಬೆಳಗಿನಿಂದ ಏನು ಮಾಡ್ತಿದ್ದೆ?"

"ತಲೆ ಬಾಚ್ಕೊಳ್ತಿದ್ದೆ."

"ಇಡೀ ಹೊತ್ತು?"

"ಉದ್ದ ಕೂದಲು."

ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಪಾತ್ರೆಗಳ ಸದ್ದೇ ಸದ್ದು. ಅಪ್ಪ ಕೈಕಾಲು ತೊಳೆದು ಬರುವಷ್ಟರಲ್ಲಿ ಹಬೆಯಾಡುವ ಊಟ. ಇಷ್ಟು ಬೇಗ ಮಾಡುವವಳು ಒಂದು ಗಳಿಗೆ ಮುಂಚೆ ಶುರುಮಾಡಬಾರದೇ ಎಂದು ಮನೆಮಂದಿಯೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಂಡಷ್ಟೂ ಅಮ್ಮ ಇನ್ನೊಂದು ಸೌಟು ಬಡಿಸುತ್ತಿದ್ದಳು.

*

"ಅದು ಎಲ್ಲಿ ಸಿಕ್ಕಿತೇ ನಿನಗೆ?"

ಬಾಗಿಲಲ್ಲಿ ಸೂಜಿ ಚಿಕ್ಕಮ್ಮ ನಿಂತಿದ್ದಳು. ಹೆದ್ದಾರಿ ಪಕ್ಕದ ಸೀಟುಕವರಿನ ಅಂಗಡಿಯಲ್ಲಿ ಅಮ್ಮನ ಜೊತೆ ಜೀವಮಾನವೆಲ್ಲ ಹೊಲಿದವಳು. ಮಾತಾಡುವಾಗಲೂ ತುಟಿಯ ಮೂಲೆಯಲ್ಲಿ ಸೂಜಿ ಕಚ್ಚಿಕೊಂಡಿರುತ್ತಿದ್ದಳು ಎಂದು ಮಕ್ಕಳು ಇಟ್ಟ ಹೆಸರು ಅದು. ಇವತ್ತು ಸೂಜಿಯಿಲ್ಲದ ಅವಳ ಬಾಯಿ ಬರಿದಾಗಿ ಕಂಡಿತು.

"ಮಂಚದ ಕೆಳಗಿತ್ತು. ಏನು ಚಿಕ್ಕಮ್ಮ ಇದು? ದಿಂಬಾ?"

ಚಿಕ್ಕಮ್ಮ ಕೆಳಗೆ ಕುಳಿತು ಗಂಟಿನ ಅಂಚನ್ನು ಸವರಿದಳು. "ದಿಂಬಲ್ಲ. ಅಂಚು ನಾನೇ ಹೊಲಿದುಕೊಟ್ಟೆ. ನಿಮ್ಮ ದೊಡ್ಡ ಪಾತ್ರೆ ಒಳಗಿಟ್ಟು ಜಿಪ್ಪು ಎಳೆದರೆ ಮಧ್ಯಾಹ್ನ ಕಳೆದರೂ ಬಿಸಿ ಆರಲ್ಲ. ಭಾನುವಾರ ನೀವು ಎದ್ದು ಕಣ್ಣುಜ್ಜೋದರೊಳಗೆ ಅವಳ ಅಡುಗೆ ಮುಗಿದಿರ್ತಿತ್ತು. ಮಂಚದ ಕೆಳಗೆ ಬೆಚ್ಚಗೆ ಮಲಗಿರ್ತಿತ್ತು."

"ಮತ್ತೆ ಒಲೆ ಹಚ್ಚಿಲ್ಲ ಅಂತ..."

"ಸುಳ್ಳು," ಎಂದಳು ಚಿಕ್ಕಮ್ಮ. "ನೀವು ಕಿಟಕೀಲಿ ನೇತಾಡ್ತಿದ್ದಾಗ ಇದನ್ನ ಅಡುಗೆಮನೆಗೆ ಸಾಗಿಸಿ, ಬಾಗಿಲು ಹಾಕ್ಕೊಂಡು ಖಾಲಿ ಪಾತ್ರೆ ಕುಟ್ತಿದ್ದಳು, ಪುಣ್ಯಾತ್ಗಿತ್ತಿ."

*

ನೀನಿನ್ನೂ ಅಂಬೆಗಾಲಿಡುತ್ತಿದ್ದೆ ಎಂದು ಚಿಕ್ಕಮ್ಮ ಹೇಳತೊಡಗಿದಳು.

ಅಂಗಡಿಗೆ ಎರಡು ಮುಂದಿನ ಸೀಟುಗಳು ಬಂದಿದ್ದವು. ಹೆದ್ದಾರಿಯಲ್ಲಿ ಪಲ್ಟಿಯಾದ ಕಾರಿನವು. ಓಡಿಸುತ್ತಿದ್ದವನು ತಿರುವಿನಲ್ಲಿ ಮುಂದಿನ ಬಸ್ಸನ್ನು ದಾಟಲು ಹೋಗಿದ್ದನಂತೆ, ಉಳಿಯಲಿಲ್ಲ. ಕಾರು ರಿಪೇರಿಯಾಗಿ ಯಾರಿಗೋ ಮಾರಾಟವಾಗಬೇಕು, ಹೊಸ ಬಟ್ಟೆ ಹಾಕಿ ಎಂದಿದ್ದರು. ಅಮ್ಮ ಹಳೆಯ ಹೊಲಿಗೆ ಬಿಚ್ಚುತ್ತಿದ್ದಾಗ ಸೀಟಿನ ಸಂದಿಯಲ್ಲಿ ಒಂದು ಕನ್ನಡಕ ಸಿಕ್ಕಿತು. ಗಾಜಿಗೆ ಗೀರು ಕೂಡ ಬಿದ್ದಿರಲಿಲ್ಲ. ಅದನ್ನು ಒರೆಸಿ ಎತ್ತಿಟ್ಟು, ಅವರ ಮನೆಗೆ ಹೇಳಿಕಳಿಸಿದಳು.

ಆತನ ಹೆಂಡತಿ ಬಂದಳು. ಅಳಲಿಲ್ಲ. ಕನ್ನಡಕ ತೆಗೆದುಕೊಂಡು, ನೆಲದ ಮೇಲಿಟ್ಟಿದ್ದ ಸೀಟುಗಳಲ್ಲಿ ಎಡಗಡೆಯದರ ಮೇಲೆ ಕುಳಿತಳು. ಅದು ಅವಳು ಯಾವಾಗಲೂ ಕೂರುತ್ತಿದ್ದ ಜಾಗವಿರಬೇಕು. ಗೋಡೆಗೆ ಹೇಳುವಂತೆ ಹೇಳಿದಳು:

"ಊಟ ಆರಿಹೋಗುತ್ತೆ, ಬೇಗ ಬನ್ನಿ ಅಂದಿದ್ದೆ. ಅಷ್ಟೇ ಅಂದಿದ್ದು. ಪ್ರೀತಿಯಿಂದಲೇ ಅಂದಿದ್ದು."

ಅಮ್ಮ ಕತ್ತರಿ ಕೆಳಗಿಟ್ಟಳು. ಹೋಗಿ ಪಕ್ಕದ ಸೀಟಿನಲ್ಲಿ ಕುಳಿತುಕೊಂಡಳು. ದಾರದ ಉಂಡೆಗಳ ನಡುವೆ, ಅರ್ಧ ಬಿಚ್ಚಿದ ಆ ಎರಡು ಸೀಟುಗಳಲ್ಲಿ, ಇಬ್ಬರು ಹೆಂಗಸರು ಎಲ್ಲಿಗೋ ಪ್ರಯಾಣ ಹೊರಟವರಂತೆ ಎದುರಿನ ಗೋಡೆಯನ್ನೇ ನೋಡುತ್ತ ಕುಳಿತಿದ್ದರು. ಬೆಳಕು ಗೋಡೆಯಿಂದ ಇಳಿದು ನೆಲಕ್ಕೆ ಬಂದರೂ ಏಳಲಿಲ್ಲ.

"ಆ ವಾರವೇ ಇದನ್ನ ಹೊಲಿಯೋಕೆ ಕೂತಳು," ಎಂದಳು ಚಿಕ್ಕಮ್ಮ. "ಯಾಕೆ ಹೇಳಲ್ಲ ಮನೇಲಿ ಅಂದೆ. ಹೇಳಿದರೆ ಊಟ ರೆಡಿ ಇದೆ ಅಂತ ಗೊತ್ತಾಗುತ್ತಲ್ಲ, ಓಡಿಬರ್ತಾರೆ ಅಂದಳು. ಲಾರಿ ಮುಟ್ಟಿ ನೋಡ್ತಿದ್ದುದೂ ಅದಕ್ಕೇ, ಎಷ್ಟು ಓಡಿಸ್ಕೊಂಡು ಬಂದರೋ ಅಂತ. ಸೋಮಾರಿ ಅನ್ನಿಸ್ಕೊಂಡರೆ ನನಗೇನು ಮೈ ಸವೆಯುತ್ತಾ ಅಂದಳು."

*

ಮಗಳು ತಲೆಯೆತ್ತಿದಾಗ ಬಾಗಿಲ ಚೌಕಟ್ಟು ಹಿಡಿದು ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಂದು ಆ ಗಂಟನ್ನು ಎತ್ತಿಕೊಂಡು, ಒಳಗೆ ಕೈ ತೂರಿಸಿ, ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡ.

"ಹಾಗಾದರೆ ನಾನು ದಾರಿಯಲ್ಲಿ ನಿದ್ದೆ ಮಾಡ್ತಿದ್ದಾಗೆಲ್ಲ ಊಟ ಇಲ್ಲಿತ್ತು," ಎಂದ.

ಹೊರಗೆ ದೊಡ್ಡಪ್ಪನ ದನಿ ಕೇಳಿತು. "ಎತ್ತೋಣವೇನಪ್ಪಾ? ಆಯ್ತು, ಹೊತ್ತಾಯ್ತು."

ನಾಲ್ಕು ಜನ ಅಮ್ಮನನ್ನು ಎತ್ತಿದರು. ಇಷ್ಟು ಹಗುರವೇ ಎನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿದರು. ಶವ ಸಾಗಿಸುವ ವ್ಯಾನಿನ ಹಿಂಬಾಗಿಲು ಮುಚ್ಚಿತು. ಚಾಲಕ ಎಂಜಿನ್ ಶುರುಮಾಡಿದ. ಆಗಲೇ ಮತ್ತೆ ಫೋನು ಬಡಿದುಕೊಂಡಿತು.

"ಅಕ್ಕಾ, ಎತ್ತಿಬಿಟ್ಟಿರಾ? ಮುಂದೆ ಟ್ಯಾಂಕರ್ ಒಂದು ಜಾಗ ಬಿಡ್ತಿಲ್ಲ. ಪಕ್ಕದ ಮಣ್ಣಿಗೆ ಇಳಿಸಿ ದಾಟಿಬಿಡ್ತೀನಿ, ಎರಡೇ ನಿಮಿಷ..."

ಅಪ್ಪ ಅವಳ ಕೈಯಿಂದ ಫೋನು ತೆಗೆದುಕೊಂಡ.

"ಯಾಕೋ ಅವಸರ?" ಎಂದ. ದನಿ ಎಂದಿನ ಹಾಗೇ ಇತ್ತು, ಸ್ವಲ್ಪ ಬೇಸರ ಬೆರೆತು. "ಇಲ್ಲಿ ಏನೂ ಆಗಿಲ್ಲ. ನಿಮ್ಮಮ್ಮ ಇನ್ನೂ ತಯಾರಾಗಿಲ್ಲ. ಗೊತ್ತಲ್ಲ ಅವಳ ಕತೆ."

ಆ ಕಡೆ ಹಾರ್ನು ನಿಂತಿತು. ಗಾಳಿಯ ಸದ್ದು ಮಾತ್ರ.

"ಟ್ಯಾಂಕರ್ ಹಿಂದೆಯೇ ಇರು. ಎಲ್ಲಾದರೂ ನೆರಳು ಸಿಕ್ಕರೆ ನಿಲ್ಲಿಸಿ ಮುಖ ತೊಳ್ಕೊಂಡು ಬಾ. ಇನ್ನು ಫೋನು ಮಾಡಬೇಡ, ರಸ್ತೆ ನೋಡು. ಕೇಳಿಸ್ತಾ?"

ಗಾಳಿಯ ಸದ್ದು ನಿಧಾನಕ್ಕೆ ಇಳಿಯಿತು. "ಹೂಂ ಅಪ್ಪಾ," ಎಂದಿತು ಅದರೊಳಗಿಂದ ಒಂದು ಚಿಕ್ಕ ದನಿ.

"ಏನಿದು?" ಎಂದರು ದೊಡ್ಡಪ್ಪ. "ಸ್ಮಶಾನದವನಿಗೆ ಏನು ಹೇಳೋದು?"

"ಲಾಟೀನು ಇಟ್ಟುಕೊಂಡಿರು ಅಂತ ಹೇಳು," ಎಂದು ಅಪ್ಪ ಚಾಲಕನತ್ತ ತಿರುಗಿದ. "ಎಂಜಿನ್ ಆರಿಸಪ್ಪ. ಕೆಳಗಿಳಿದು ನೀರು ಕುಡಿ."

ದೊಡ್ಡಪ್ಪ ಗಡಿಯಾರ ನೋಡಿಕೊಂಡರು. ಅಪ್ಪನ ಮುಖ ನೋಡಿದರು. ಆಮೇಲೆ ಗಡಿಯಾರವನ್ನು ಮಣಿಕಟ್ಟಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಕಾದರು. ಬಂದವರಲ್ಲಿ ಯಾರೂ ಹೋಗಲಿಲ್ಲ. ಪಕ್ಕದ ಮನೆಯಾಕೆ ಎಲ್ಲರಿಗೂ ಚಹಾ ಮಾಡಿ ತಂದಳು. ಯಾರದೋ ಮಗು ವ್ಯಾನಿನ ನೆರಳಿನಲ್ಲೇ ನಿದ್ದೆ ಹೋಯಿತು, ಇನ್ಯಾರೋ ಅದಕ್ಕೆ ಶಾಲು ಹೊದಿಸಿದರು. ಬಿಸಿಲು ಹಣ್ಣಾಗಿ ಬಯಲು ಕೆಂಪಗಾಯಿತು. ಒಮ್ಮೆ ಆಂಬುಲೆನ್ಸ್ ಒಂದು ಕೂಗುತ್ತ ಹೆದ್ದಾರಿಯಲ್ಲಿ ಹೋಯಿತು, ತಮ್ಮ ಬರಬೇಕಾದ ಕಡೆಗೇ. ಆ ಕೂಗು ಸಣ್ಣದಾಗಿ, ಇಲ್ಲವಾಗುವವರೆಗೆ ಅಂಗಳದಲ್ಲಿ ಯಾರೂ ಲೋಟ ಎತ್ತಲಿಲ್ಲ. ಮಗಳು ಫೋನು ತೆಗೆದಳು. ಅಪ್ಪ ಬೇಡವೆಂದು ತಲೆಯಾಡಿಸಿದ. ಅವನ ಕೈ ಮಡಿಲಿನ ಗಂಟನ್ನು ಸವರುತ್ತಲೇ ಇತ್ತು.

ಎಂಥ ಎದೆಯಿಟ್ಟುಕೊಂಡು ಅಮ್ಮ ಅಷ್ಟೊಂದು ಭಾನುವಾರ ಕಾದಳೋ ಎಂದು ಮಗಳಿಗೆ ಅನ್ನಿಸಿತು.

ಮುಸ್ಸಂಜೆಯ ಮಬ್ಬಿನಲ್ಲಿ, ಹರಿಯುವ ದೀಪಗಳ ಸಾಲಿನಿಂದ ಒಂದು ಜೊತೆ ದೀಪ ಬೇರೆಯಾಯಿತು. ತಿರುವು ಇನ್ನೂ ದೂರವಿರುವಾಗಲೇ ಅದರ ಎಡಗಡೆಯ ಹಳದಿ ದೀಪ ಮಿಣುಕತೊಡಗಿತು. ಹಾರಿಕೊಂಡಲ್ಲ, ತೇಲಿಕೊಂಡು ಬಂತು ಕಾರು. ಅಂಗಳದ ಅಂಚಿಗೆ ಬಂದು ನಿಂತಿತು.

ತಮ್ಮ ಇಳಿದ. ಮುಖ ತೊಳೆದಿದ್ದ, ಮುಂಗೂದಲು ಇನ್ನೂ ಒದ್ದೆಯಿತ್ತು. ಮುಚ್ಚಿದ ವ್ಯಾನನ್ನು ನೋಡಿದ, ಚಾಪೆಗಳ ಮೇಲೆ ಎಂದಿನಿಂದಲೋ ಕುಳಿತಂತಿದ್ದ ಜನರನ್ನು ನೋಡಿದ, ಸಾಲಾಗಿಟ್ಟ ಖಾಲಿ ಲೋಟಗಳನ್ನು ನೋಡಿದ.

"ತಯಾರಾಗಿಲ್ಲ ಅಂದೆಯಲ್ಲಪ್ಪಾ," ಎಂದ.

ಅಪ್ಪ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಎದ್ದು, ಮಗನನ್ನು ದಾಟಿ ಕಾರಿನ ಮುಂದೆ ಹೋಗಿ ನಿಂತ. ಬಾನೆಟ್ಟಿನ ಮೇಲೆ ಅಂಗೈಯಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ.