ರಕ್ತದ ದಿನದ ಚಹಾ

ರಕ್ತ ಹಾಕಿಸಿಕೊಂಡಾಗಲೆಲ್ಲ ಅತ್ತೆಗೆ ಮೀನಖಂಡ ಸೆಳೆಯುತ್ತಿತ್ತು, ತಲೆ ಗಿರ್ರೆನ್ನುತ್ತಿತ್ತು. "ಯಾವ ಪಾಪಿ ರಕ್ತಾನೋ!" ಎಂದು ಅವರು ರಕ್ತದ ಚೀಲವನ್ನೇ ದುರುಗುಟ್ಟಿ ನೋಡುತ್ತಿದ್ದರು. ನನ್ನ ಅನುಮಾನವೆಲ್ಲ ನರ್ಸಮ್ಮನ ಮೇಲೆ. ಇಂದು ಆಸ್ಪತ್ರೆಯಲ್ಲಿ ಅವಳನ್ನೇ ಕೇಳಿಬಿಟ್ಟೆ, ಹೀಗೇಕಾಗುತ್ತೆ ಅಂತ.

"ಶ್ವಾಸಕೋಶದಲ್ಲಿ ನೀರು ತುಂಬಬಾರದು ಅಂತ ಮೂತ್ರ ಹೋಗೋ ಇಂಜೆಕ್ಷನ್ ಕೊಡ್ತೀವಿ. ಅದರ ಜೊತೆ ಮೈಯ ಲವಣವೂ ಹೋಗಿ ಸ್ವಲ್ಪ ಸೆಳೆತ, ತಲೆಸುತ್ತು ಬರುತ್ತೆ. ಆದ್ರೆ ಇಷ್ಟೊಂದಲ್ಲ. ಮನೇಲೂ ಏನಾದ್ರೂ ಮಾತ್ರೆ ಕೊಡ್ತೀರಾ?" ಎಂದು ಅವಳು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು.

ನನಗೆ ಮೈಯೆಲ್ಲ ಉರಿಯಿತು. "ಒಂದೂ ಇಲ್ಲ!"

ಫ್ಲಾಸ್ಕಿನಿಂದ ಅತ್ತೆಗೆ ಚಹಾ ಬಗ್ಗಿಸಿಕೊಟ್ಟ ಮಾವ ಕೆಮ್ಮಿದರು. "ಒಂದ್ಸಲ ಇವರು ಇಂಜೆಕ್ಷನ್ ಮರೆತು ಇವಳಿಗೆ ಉಸಿರು ಕಟ್ಟಿತ್ತಲ್ಲ? ಆವತ್ತಿಂದ ರಕ್ತದ ದಿನ ನನ್ನ ಬಿ.ಪಿ. ಮಾತ್ರೆ ಒಂದನ್ನ ಇವಳ ಚಹಾಕ್ಕೆ ಹಾಕ್ತಿದ್ದೀನಿ. ಅದೂ ಮೂತ್ರ ಹೋಗೋ ಮಾತ್ರೆನೇ ಅಲ್ವಾ? ಈ ಕಾಲದಲ್ಲಿ ಯಾರನ್ನ ನಂಬೋದು, ಹೇಳು?"

ಬಾಯಿಗಿಟ್ಟಿದ್ದ ಲೋಟವನ್ನು ಅತ್ತೆ ಮೆಲ್ಲಗೆ ಕೆಳಗಿಟ್ಟರು.

"ಸಿಸ್ಟರ್, ಒಂದು ಲೋಟ ನೀರು. ನಿಮ್ಮ ಕೈಯಾರೆ ಕೊಡಿ."