ಅರ್ಧ ತೋಡಿದ ಗುಂಡಿ

ಗಂಡನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದಾಗ ಅವನ ಉಗುರುಗಳಲ್ಲಿ ಕೆಮ್ಮಣ್ಣು ಇನ್ನೂ ಮೆತ್ತಿಕೊಂಡಿರುವುದು ನಾಗಲಿಂಗಮ್ಮನ ಕಣ್ಣಿಗೆ ಬಿತ್ತು. ಸೆರಗಿನ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಬೆರಳು ಒರೆಸತೊಡಗಿದಳು.

"ಎಂಥಾ ಕೈಗುಣ ಇತ್ರಿ ಬೆನಕಪ್ಪಾರ್ದು," ಎಂದ ಕುರಿಗಳ ಬಂಗಾರಪ್ಪ. "ದನದ ದವಾಖಾನಿ ಕಂಪೌಂಡರ್ ಅಂದ್ರ ಅವರೇ. ಒಂದು ಸೂಜಿ ಚುಚ್ಚಿದ್ರ ಕುಂಟೋ ಎತ್ತು ಸಂಜೀಗೆ ಎದ್ದು ನಿಲ್ತಿತ್ತು."

"ಕಡೀಕೆ ಏನಾಗಿತ್ತೋ," ಎಂದಳು ಪಕ್ಕದ ಮನೆಯ ಪಂಪಮ್ಮ. "ಸತ್ತ ದನಕ್ಕೆಲ್ಲ ಗುಂಡಿ ತೋಡೋ ಹುಚ್ಚು. ಆ ಹುಚ್ಚೇ ಜೀವ ತಗೊಂತು."

ನಿನ್ನೆ, ತಾನೇ ಸೂಜಿ ಚುಚ್ಚಿದ್ದ ಬಂಗಾರಪ್ಪನ ಎಮ್ಮೆಯನ್ನು ಹೂಳಲು ಗುಂಡಿ ತೋಡುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕುಸಿದಿದ್ದ. ಏಕೆ ತೋಡುತ್ತಿದ್ದನೆಂದು ನಾಗಲಿಂಗಮ್ಮನಿಗೊಬ್ಬಳಿಗೇ ಗೊತ್ತು. ಯಾರಿಗೂ ಹೇಳಬಾರದೆಂದು ಅವನು ಆಣೆ ಹಾಕಿಸಿದ್ದ.

*

ಹೋದ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಪಶು ಇಲಾಖೆಯ ತರಬೇತಿ ಮುಗಿಸಿ ಬಂದ ದಿನ ಅವನು ಉಣ್ಣಲಿಲ್ಲ.

"ರಣಹದ್ದು ಎಲ್ಲಿ ಹೋದ್ವು ಅಂತ ಕೇಳ್ತಿದ್ದಿಯಲ್ಲ? ನಾನೇ ಕೊಂದೀನಿ. ಆ ನೋವಿನ ಸೂಜಿ ಚುಚ್ಚಿಸಿಕೊಂಡ ದನ ಸತ್ರ, ಅದನ್ನ ತಿಂದ ಹದ್ದು ಬದುಕಂಗಿಲ್ಲಂತ. ಒಂದು ಹೆಣಕ್ಕ ಹಿಂಡೇ ಇಳೀತಾವು. ಮೊಟ್ಟಿ ಇಡೋದು ವರ್ಷಕ್ಕ ಒಂದೇ. ಕುಲ ಹೆಂಗ ಉಳೀಬೇಕು?"

"ಹಂಗಾರ ಆ ಸೂಜಿ ಬಿಡ್ರಿ."

"ಬೇರೆ ಔಷಧ ಇನ್ನೂ ಈ ಕಡಿ ಬಂದಿಲ್ಲ. ನರಳೋ ಎತ್ತು ಕಣ್ಣೆದುರಿಗೆ ನಿಂತೈತಿ. ಹದ್ದು ಎಲ್ಲೈತಿ?"

ಮರುದಿನವೂ ಚುಚ್ಚಿದ. ಆದರೆ ತಾನು ಚುಚ್ಚಿದ ದನ ಸತ್ತರೆ ತಾನೇ ಹೂಳತೊಡಗಿದ. ಕಾಲೇಜು ಓದುವ ಮಗಳು ಅರ್ಚನಾ ಒಮ್ಮೆ ಅಂದಳು: "ಹೂತಿದ್ದು ಒಳ್ಳೇದೇ ಅಪ್ಪ. ಬಯಲಾಗ ಬಿದ್ದ ಎಲುಬು ಪುಡಿಯಾಗ್ತಾವು. ಮಣ್ಣಾಗ ಮುಚ್ಚಿದ್ದರೊಳಗ ನೀರಿನ ಜೋಡಿ ಖನಿಜ ಇಳಿದು, ಲಕ್ಷಾಂತರ ವರ್ಷಕ್ಕ ಕಲ್ಲಾಗಿ ಉಳೀತಾವು."

"ಎತ್ತು ಉಳೀತಾವು," ಎಂದ ಬೆನಕಪ್ಪ. "ಹದ್ದಿಂದು ಗುರುತೂ ಉಳಿಯಂಗಿಲ್ಲ."

*

ಬೆನಕಪ್ಪನ ಸಮಾಧಿಗೆ ಮಣ್ಣು ಮುಚ್ಚುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹಳ್ಳದ ಆಚೆ, ಅರ್ಧ ತೋಡಿದ ಗುಂಡಿಯ ಪಕ್ಕ, ಎಮ್ಮೆ ಹಾಗೇ ಬಿದ್ದಿತ್ತು.

"ಬಂಗಾರಪ್ಪಾ, ನಾಲ್ಕು ಮಂದಿ ಹೋಗಿ ಅದನ್ನ ಹೂತು ಬರ್ರಪಾ," ಎಂದಳು ನಾಗಲಿಂಗಮ್ಮ.

"ನಾಳಿ ನೋಡೋಣ್ರಿ ಅಕ್ಕಾರ. ಇವತ್ತು ಯಾರು ಮತ್ತ ಸಲಿಕಿ ಹಿಡೀತಾರ್ರಿ?"

ಅಷ್ಟರಲ್ಲಿ ಯಾರೋ ಕೂಗಿದರು: "ನೋಡ್ರಲೇ, ರಣಹದ್ದು! ಎಷ್ಟು ವರ್ಷ ಆಗಿತ್ತು ನೋಡಿ!"

ಆಕಾಶದಿಂದ ಒಂದೇ ಒಂದು ಹಕ್ಕಿ ಸುತ್ತು ಹಾಕುತ್ತ ಎಮ್ಮೆಯ ಬಳಿ ಇಳಿಯಿತು. ಬಂದವರೆಲ್ಲ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಬಂಗಾರಪ್ಪ ಕೈ ಮುಗಿದ.

ನಾಗಲಿಂಗಮ್ಮ ಬರಿಗಾಲಲ್ಲಿ ಹಳ್ಳಕ್ಕಿಳಿದು ಓಡಿದಳು. ಗುಂಡಿಯ ದಂಡೆಯಿಂದ ಮಣ್ಣಿನ ಹೆಂಟೆ ಎತ್ತಿ ಬೀಸಿದಳು. ಹದ್ದು ರೆಕ್ಕೆ ಬಿಚ್ಚಿ ನಾಲ್ಕು ಹೆಜ್ಜೆ ಕುಪ್ಪಳಿಸಿ ಕೂತಿತು. ಇನ್ನೊಂದು ಬೀಸಿದಳು. ಮತ್ತೆ ನಾಲ್ಕೇ ಹೆಜ್ಜೆ.

"ಅಕ್ಕಾರ, ಓಡಿಸಬ್ಯಾಡ್ರೀ!" ಬಂಗಾರಪ್ಪ ಆಚೆಯಿಂದ ಕೂಗುತ್ತಿದ್ದ. "ಹಸಿದು ಬಂದೈತಿ, ತಿನ್ನಲಿ ಬಿಡ್ರಿ!"

ಅವಳು ಏದುಸಿರು ಬಿಡುತ್ತ ಹೆಣಕ್ಕೂ ಹಕ್ಕಿಗೂ ನಡುವೆ ನಿಂತಳು. ಹದ್ದು ರೆಕ್ಕೆ ಮಡಚಿ, ಬೋಳು ಕತ್ತನ್ನು ಒಳಗೆಳೆದುಕೊಂಡು, ಬಿಸಿಲಲ್ಲಿ ಕಾಯುತ್ತ ಕೂತಿತು.