ಗಿರಣಿಯಾಚೆಯ ಮನೆ

ನಮ್ಮಣ್ಣ ವಿನೋದ ಬೌದ್ಧ ಭಿಕ್ಕು ಆಗಿ ಮೂರು ವರ್ಷವಾದರೂ ಅವನನ್ನು ಹೇಗೆ ಕರೆಯಬೇಕೆಂಬುದು ಅವ್ವನಿಗೆ ಇನ್ನೂ ಬಗೆಹರಿದಿಲ್ಲ. ಹೆಸರು ಹಿಡಿದು ಕರೆಯುವಂತಿಲ್ಲ. ಭಿಕ್ಕುಗಳನ್ನು ಎಲ್ಲರೂ ಕರೆಯುವ ಹಾಗೆ ಬರೀ "ಭಂತೆ" ಎನ್ನಲು ಬಾಯಿ ಬರುವುದಿಲ್ಲ. ಎರಡನ್ನೂ ಕಲಸಿ "ಭಂತ್ಯಪ್ಪಾ" ಎಂದು ತನ್ನದೇ ಒಂದು ಹೆಸರು ಮಾಡಿಕೊಂಡಿದ್ದಾಳೆ. ಹೆತ್ತ ಮಗನಿಗೆ ಬಗ್ಗಿ ನಮಸ್ಕಾರ ಮಾಡುವಾಗ ಅವಳ ಮುಖ ನೋಡಿದರೆ ನನಗೆ ನಗು ತಡೆಯಲಾಗುವುದಿಲ್ಲ.

ಈ ಸಲದ ವರ್ಷಾವಾಸಕ್ಕೆ ಅವನು ನಾವು ಬಿಟ್ಟು ಬಂದ ನಮ್ಮೂರಿಗೇ ಬರುತ್ತಾನೆಂದು ತಿಳಿದ ದಿನ ಮಾತ್ರ ಯಾರೂ ನಗಲಿಲ್ಲ. ಅವ್ವ ರಾಯಚೂರಿನ ನಮ್ಮ ಬಾಡಿಗೆ ಮನೆಯ ಹೊಸ್ತಿಲ ಮೇಲೆ ಕೂತವಳು ಮಧ್ಯಾಹ್ನದ ತನಕ ಏಳಲಿಲ್ಲ. ಊರಿನ ಹೆಸರು ನಾನು ಹೇಳುವುದಿಲ್ಲ. ಮಾನ್ವಿ ತಾಲೂಕಿನಲ್ಲಿದೆ, ಕಾಲುವೆ ನೀರು ಬರುತ್ತದೆ, ಅಷ್ಟು ಸಾಕು. ನಮ್ಮ ಚಿಕ್ಕಪ್ಪ ಮೌನಪ್ಪ ಇನ್ನೂ ಅಲ್ಲೇ ಬಾಳಬೇಕು.

ವರ್ಷಾವಾಸವೆಂದರೆ ಮಳೆಗಾಲದ ಮೂರು ತಿಂಗಳು. ಕಡ್ಲಿಗಡಬು ಹುಣ್ಣಿಮೆಯಿಂದ ಶೀಗಿ ಹುಣ್ಣಿಮೆಯ ತನಕ ಭಿಕ್ಕುಗಳು ಒಂದೇ ಕಡೆ ನೆಲೆನಿಂತು ಓದು, ಧ್ಯಾನ, ಬಾಯಿಪಾಠ ಮಾಡುತ್ತಾರೆ. ಒಮ್ಮೆ ಸಂಕಲ್ಪ ಮಾಡಿದ ಮೇಲೆ ಜಾಗ ಬದಲಿಸುವಂತಿಲ್ಲ. ನಮ್ಮ ಓಣಿಯವರು ಊರ ಹೊರಗೆ ತಗಡಿನ ಮಾಡಿನ ಸಣ್ಣ ವಿಹಾರ ಕಟ್ಟಿ ಹಿರಿಯ ಭಂತೆಯವರನ್ನು ಕರೆದಿದ್ದರು. ಕಲಬುರಗಿ ಕಡೆಯ ಆ ಮುದುಕರು ಒಪ್ಪಿಕೊಂಡರು. ಅಣ್ಣ ಅವರ ಶಿಷ್ಯ. ಮೊದಲ ಐದು ವರ್ಷ ಶಿಷ್ಯ ಗುರುವನ್ನು ಬಿಟ್ಟಿರುವಂತಿಲ್ಲ, ಸೂಜಿ ಹೋದಲ್ಲಿ ದಾರ ಹೋಗಲೇಬೇಕು.

ಅವ್ವನ ಹೆದರಿಕೆಗೆ ಒಂದು ಹೆಸರಿತ್ತು, ವೆಂಕೋಬ. ನಮ್ಮಪ್ಪ ಯಮನೂರಪ್ಪ ಬದುಕಿರುವ ತನಕ ದೊಡ್ಡ ಓಣಿಯಲ್ಲಿ ಯಾರೇ ಸತ್ತರೂ ಹಲಗೆ ಬಾರಿಸುತ್ತಿದ್ದ. ಅಪ್ಪ ಹೋದ ಮರುವರ್ಷ ವೆಂಕೋಬನ ತಂದೆ ತೀರಿಕೊಂಡರು. ಅಣ್ಣನಿಗೆ ಕರೆ ಬಂತು. "ನಾ ಬಾರಸಂಗಿಲ್ರಿ" ಎಂದು ಬಾಗಿಲಲ್ಲೇ ಹೇಳಿ ಕಳಿಸಿಬಿಟ್ಟ. ಹೆಣ ಹಲಗೆಯಿಲ್ಲದೆ ಹೋಯಿತು. ಮರುದಿನ ವೆಂಕೋಬ ನಮ್ಮ ಮನೆ ಮುಂದೆ ಬಂದು ನಿಂತು, ಮೆಲ್ಲಗೆ, ಲೆಕ್ಕದ ಮಾತು ಹೇಳಿದ ಹಾಗೆ ಹೇಳಿದ: "ಇನ್ನ ನಮ್ಮ ಓಣ್ಯಾಗ ಕಾಲಿಟ್ಟಿ ಅಂದ್ರ ಅದ ನಿನ್ನ ಕಡೀ ದಿನ ಲೇ." ಕೂಗಾಡಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ. ಆ ಮನೆಯ ದನದ ಕೊಟ್ಟಿಗೆ ಬಳಿದು, ಅವರು ಹಾಕಿದ ತಂಗಳು ಉಂಡು ಅವ್ವನಿಗೆ ಅವರ ಸಿಟ್ಟಿನ ಅಳತೆ ಗೊತ್ತಿತ್ತು. ಆ ತಿಂಗಳೇ ನಾವು ರಾಯಚೂರು ಸೇರಿದೆವು.

ಈಗ, ವರ್ಷಾವಾಸಕ್ಕೆ ಊರಿಗೆ ಬಂದ ಹಿರಿಯ ಭಂತೆ ಪಿಂಡಪಾತದ ಕ್ರಮ ಹೇಳಿದರು. ಬೆಳಿಗ್ಗೆ ಭಿಕ್ಕುಗಳು ಪಾತ್ರೆ ಹಿಡಿದು ಮನೆಮನೆಯ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಬೇಡುವಂತಿಲ್ಲ, ಮಾತಾಡುವಂತಿಲ್ಲ. ಕೊಟ್ಟರೆ ತೆಗೆದುಕೊಳ್ಳಬೇಕು, ಕೊಡದಿದ್ದರೆ ಮುಂದೆ ನಡೆಯಬೇಕು. ಪಾತ್ರೆ ತುಂಬಿದರೆ ಹಿಂದಿರುಗಬೇಕು. ಮರುದಿನ, ನಿಲ್ಲಿಸಿದ ಮನೆಯಿಂದಲೇ ಮತ್ತೆ ಶುರು. ಬಡವರದು, ದೊಡ್ಡವರದು, ಜಗಳಗಂಟರದು ಎಂದು ಒಂದು ಮನೆಯನ್ನೂ ಬಿಡುವಂತಿಲ್ಲ.

ಈ ಕೊನೆಯ ಮಾತು ಕೇಳಿ ಅವ್ವ ಬೆರಳು ಮಡಚಿ ಮನೆ ಎಣಿಸತೊಡಗಿದಳು. ನಮ್ಮ ಓಣಿಯ ಮನೆಗಳು ಮುಗಿಯುತ್ತಿದ್ದಂತೆ ಹಿಟ್ಟಿನ ಗಿರಣಿ ಬರುತ್ತದೆ. ಗಿರಣಿ ದಾಟಿದರೆ ದೊಡ್ಡ ಓಣಿ, ಅದರ ಮೊದಲ ಮನೆಯೇ ವೆಂಕೋಬನದು. ದಿನಕ್ಕೆ ಕೆಲವು ಮನೆಯಂತೆ ಅಣ್ಣ ಅತ್ತ ಸಾಗುತ್ತಿದ್ದ. ಅವ್ವ ಮೌನಪ್ಪ ಚಿಕ್ಕಪ್ಪನ ಮನೆಯಲ್ಲೇ ಠಿಕಾಣಿ ಹೂಡಿದಳು. ನಾನು ಯರಗೇರಾದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದವಳು, ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬರುತ್ತಿದ್ದೆ. ಪುಸ್ತಕ ತೆರೆದರೂ ತಲೆಯಲ್ಲಿ ಗಿರಣಿಯೇ ಇರುತ್ತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅವ್ವ ಅಂಥದೊಂದು ಉಪಾಯ ಹೂಡಿದಳು. ನಮ್ಮ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು, ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು ಹೊತ್ತು ಬೆಳಿಗ್ಗೆಯೇ ಗಿರಣಿ ಮುಂದೆ ಸಾಲು ನಿಲ್ಲುತ್ತಿದ್ದಳು. ಭಂತೆಗಳಿಬ್ಬರೂ ಬಂದು ನಿಂತ ಕೂಡಲೇ ಪಾತ್ರೆ ಅಂಚಿನ ತನಕ ತುಂಬಿಬಿಡುತ್ತಿತ್ತು. ತುಂಬಿತಲ್ಲ, ಹಿಂದಿರುಗಲೇಬೇಕು. ಮರುದಿನ ಗಿರಣಿಯಿಂದ ಶುರು, ಗಿರಣಿಯಲ್ಲೇ ಕೊನೆ. ಹೀಗೆ ಶ್ರಾವಣವೆಲ್ಲ ಗಿರಣಿಯ ಮುಂದೆಯೇ ಕಳೆಯಿತು. ನಮ್ಮವ್ವನ ತಲೆಗೆ ಯಾವ ವಿಶ್ವವಿದ್ಯಾಲಯವೂ ಸಾಟಿಯಲ್ಲ ಎಂದು ನಾನು ಹೆಮ್ಮೆಪಟ್ಟೆ.

ಒಂದು ಶನಿವಾರ ಮಧ್ಯಾಹ್ನ ಅಣ್ಣ ವಿಹಾರದ ಕಟ್ಟೆಯ ಮೇಲೆ ಕೂತು ಪಾಲಿಯಲ್ಲಿ ಭಿಕ್ಕು ನಿಯಮಗಳನ್ನು ಬಾಯಿಪಾಠ ಮಾಡುತ್ತಿದ್ದ. ಅವ್ವ ಕಸ ಗುಡಿಸುತ್ತಿದ್ದಳು. ಪಾಠ ನಿಲ್ಲಿಸಿ ಅವಳಿಗೆ ಹೇಳಿದ: "ಅವ್ವಾ, ನೀ ನನ್ನ ಹೊಟ್ಟಿ ತುಂಬಸಾಕತ್ತಿಲ್ಲ. ದಾರಿ ಮುಚ್ಚಾಕತ್ತಿ."

"ಮುಚ್ಚತೀನಿ. ಮಣ್ಣಾಗ ಹೋಗೋತನ ಮುಚ್ಚತೀನಿ," ಎಂದಳು ಅವ್ವ, ಕಸಬರಿಗೆ ನಿಲ್ಲಿಸದೆ.

ಅವಳು ಅತ್ತ ಹೋದ ಮೇಲೆ ನಾನು ಕೇಳಿದೆ. "ನಿನಗ ಹೆದರಿಕಿ ಆಗಂಗಿಲ್ಲೇನು?"

"ಆಗ್ತದ. ಗಿರಣಿ ಹತ್ರ ಬರೂದ್ರಾಗ ಕೈಯಾಗಿನ ಪಾತ್ರಿ ನಡಗ್ತದ. ಅವ್ವನ ರೊಟ್ಟಿ ಬಿದ್ದ ಕೂಡ್ಲೇ ನಡಗೂದು ನಿಂದರ್ತದ. ಅದಕ್ಕ ನನಗ ನಾಚಿಕಿ ಬರ್ತದ, ಕಲ್ಯಾಣಿ."

"ಪೊಲೀಸ್ ಸ್ಟೇಷನ್ನಿಗೆ ಹೇಳೂಣೇನು?"

"ಏನಂತ? ಒಬ್ಬರ ಮನಿ ಮುಂದ ನಿಂದರಾಕ ಹೊಂಟೀವಿ ಅಂತೇನು?" ಎಂದು ಸಣ್ಣಗೆ ನಕ್ಕ. ಚಿಕ್ಕವನಿದ್ದಾಗ ಕಣ್ಣುಮುಚ್ಚಾಲೆಯಲ್ಲಿ ಸಿಕ್ಕಿಬಿದ್ದರೆ ಹಾಗೇ ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಮರುದಿನ ಭಾನುವಾರ. ಅವ್ವನ ದಂಡು ಎಂದಿನಂತೆ ಗಿರಣಿ ಮುಂದೆ ನಿಂತಿತ್ತು. ಪಾತ್ರೆಗಳು ತುಂಬಿದವು. ಆಗ ಹಿರಿಯ ಭಂತೆ ಹಿಂದೆ ನೋಡಿದರು. ಮೌನಪ್ಪ ಚಿಕ್ಕಪ್ಪ ಒಂದು ಸ್ಟೀಲ್ ಬಕೆಟ್ ಹಿಡಿದುಕೊಂಡು ಬಂದ. ಪಾಪ, ಅವ್ವನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಇಬ್ಬರೂ ಭಂತೆಗಳು ಪಾತ್ರೆಯಲ್ಲಿದ್ದುದನ್ನೆಲ್ಲ ಬಕೆಟ್ಟಿಗೆ ಸುರಿದು, ಖಾಲಿ ಪಾತ್ರೆ ಹಿಡಿದು ಗಿರಣಿ ದಾಟಿದರು.

"ಬ್ಯಾಡ್ರಿ," ಎಂದಳು ಅವ್ವ. ಅದು ಬಾಯಿಂದ ಹೊರಗೇ ಬರಲಿಲ್ಲ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು. ನಾವು ಗಿರಣಿಯ ಮೂಲೆಯ ಬೇವಿನ ಮರಕ್ಕೆ ಒತ್ತಿಕೊಂಡು ನಿಂತೆವು. ಅವ್ವನ ಉಗುರು ನನ್ನ ಮಣಿಕಟ್ಟಿಗೆ ಇಳಿದಿತ್ತು.

ವೆಂಕೋಬನ ಬಾಗಿಲು ತೆರೆದೇ ಇತ್ತು. ಹಿರಿಯ ಭಂತೆ ಮುಂದೆ ನಿಂತರು, ಅಣ್ಣ ಹಿಂದೆ, ಕಣ್ಣು ಪಾತ್ರೆಯ ಮೇಲೆ. ವೆಂಕೋಬ ಆಗಷ್ಟೇ ಹತ್ತಿ ಹೊಲಕ್ಕೆ ಎಣ್ಣೆ ಹೊಡೆದು ಬಂದಿದ್ದ. ನಮ್ಮ ಕಡೆ ಹುಳದ ಔಷಧಿಗೆ ಎಣ್ಣೆ ಎಂದೇ ಹೇಳುವುದು. ಅದನ್ನು ಕುಡಿದು ಸತ್ತವರು ಒಂದಿಬ್ಬರಾದರೂ ಇಲ್ಲದ ಊರಿಲ್ಲ. ಬೆನ್ನ ಮೇಲೆ ಪಂಪು ಇನ್ನೂ ಇತ್ತು, ಹೆಗಲ ವಲ್ಲಿಯನ್ನೇ ಮೂಗಿಗೆ ಕಟ್ಟಿದ್ದ. ವಲ್ಲಿ ಕೆಳಗೆಳೆದು ನೋಡಿದ. ಪಂಪನ್ನು ಇಳಿಸಿ ಗೋಡೆಗೆ ಒರಗಿಸಿದ.

"ನೀ ಯಮನೂರಪ್ಪನ ಮಗ ಅಲ್ಲೇನು?"

ವೆಂಕೋಬ ಒಳಗೆ ಹೋದ. ಕೊಡಲಿಗೆ ಹೋದ ಎಂದು ನನಗನಿಸಿತು. ಓಡಿಹೋಗಿ ಅಣ್ಣನನ್ನು ಎಳೆದುಕೊಂಡು ಬರಬೇಕೆಂದರೆ ಅವ್ವ ಮಣಿಕಟ್ಟು ಬಿಡಲೊಲ್ಲಳು. ನಾನು ಬಾಯಿ ಜೋರಿನವಳು ಎಂದು ಹೆಸರಾದವಳು, ಅವತ್ತು ಮರದ ಮರೆಯಿಂದ ಇಣುಕಿ ನೋಡುತ್ತ ನಿಂತೆ.

ಬಹಳ ಹೊತ್ತಿನ ಮೇಲೆ ವೆಂಕೋಬ ಹೊರಗೆ ಬಂದ. ಕೈಯಲ್ಲಿ ಬೋಗುಣಿ. ಮುಂದಿದ್ದ ಹಿರಿಯ ಭಂತೆಯವರನ್ನು ದಾಟಿ ಹೋಗಿ, ಇದ್ದಬದ್ದ ಅನ್ನವನ್ನೆಲ್ಲ ಅಣ್ಣನ ಪಾತ್ರೆಗೆ ಸುರಿದ.

"ಉಣ್ಣು," ಎಂದ. "ಒಂದ ಅಗಳೂ ಬಿಡಬ್ಯಾಡ." ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ವಿಹಾರಕ್ಕೆ ಬರುವ ಮೊದಲೇ ನಾನು ರಸ್ತೆಯಲ್ಲಿದ್ದ, ಆಟೋ ಓಡಿಸುವ ಗುಲಾಮ್ ದಸ್ತಗೀರ್ ಚಾಚಾ ಅವರನ್ನು ಕರೆದು, "ಚಾಚಾ, ಇವತ್ತ ಎಲ್ಲೂ ಹೋಗಬ್ಯಾಡ್ರಿ, ಮಾನ್ವಿ ದವಾಖಾನಿಗೆ ಹೋಗೂದು ಬರಬಹುದು," ಎಂದೆ. ಯಾಕೆಂದು ಅವರು ಕೇಳಲಿಲ್ಲ. ಆಟೋವನ್ನು ವಿಹಾರದ ಮುಂದೆ ತಿರುಗಿಸಿ ನಿಲ್ಲಿಸಿಕೊಂಡರು.

ಅಣ್ಣ ಊಟಕ್ಕೆ ಕೂತಿದ್ದ. ಅವ್ವ ಅವನೆದುರು ಕುಸಿದು ಕೂತಳು. "ಉಣ್ಣಬ್ಯಾಡೋ ಯಪ್ಪಾ. ಅಂವ ಹಿರೇರಿಗೆ ಹಾಕಲಿಲ್ಲ. ನಿನಗ ಅಷ್ಟ ಹಾಕಿದ. ಎಣ್ಣಿ ಮುಟ್ಟಿದ ಕೈ ಅದು." ಹಿಂದಿನ ಹುಣ್ಣಿಮೆಗೆ, ಬುದ್ಧರು ಭಕ್ತನೊಬ್ಬ ಕೊಟ್ಟ ಅನ್ನ ಉಂಡು ಕಾಯಿಲೆಬಿದ್ದು ತೀರಿಕೊಂಡ ಕಥೆ ಹಿರಿಯ ಭಂತೆ ಹೇಳಿದ್ದರು. ಅವ್ವನ ತಲೆಯಲ್ಲಿ ಅದೇ ಕೂತಿತ್ತು.

"ಸಂಶಯ ಇದ್ರ ಬಿಡಬಹುದು," ಎಂದರು ಹಿರಿಯ ಭಂತೆ. "ಬಕೆಟ್ಟಿನ್ಯಾಗ ಬ್ಯಾರೆ ಊಟ ಅದ. ಬಿಟ್ರ ತಪ್ಪಿಲ್ಲ."

ಅಣ್ಣ ಪಾತ್ರೆಯತ್ತ ನೋಡುತ್ತ, "ಸಂಶಯ ಅದ್ರಿ ಭಂತೆ," ಎಂದ. "ಆದ್ರ ಇದನ್ನ ಚೆಲ್ಲಿದ್ರ ಮತ್ತ ಆ ಬಾಗಲ ಮುಂದ ಯಾವ ಮುಖ ಇಟಗೊಂಡು ನಿಂದರ್ಲಿ?"

ಅವನು ಕೈ ಹಾಕುವಷ್ಟರಲ್ಲಿ ಅವ್ವ ಪಾತ್ರೆಯನ್ನು ಕಸಿದುಕೊಂಡಳು. ಒಂದು ತುತ್ತು ಬಾಯಿಗಿಟ್ಟು ಅಗಿಯದೆ ನುಂಗಿದಳು. ಮತ್ತೊಂದು ತುತ್ತು. ನಾನು ಅವಳ ಕೈ ಹಿಡಿಯುವ ಹೊತ್ತಿಗೆ ಅದೂ ಇಳಿದಿತ್ತು.

"ಇನ್ನ ಹೊತ್ತ ಮುಣಗೋತನ ನೋಡೂಣು," ಎಂದು ಪಾತ್ರೆಯನ್ನು ಮಡಿಲಲ್ಲಿಟ್ಟು ಎರಡೂ ಕೈ ಅಡ್ಡ ಇಟ್ಟಳು. ಅವಳ ಲೆಕ್ಕ ನನಗೆ ತಿಳಿಯಿತು. ನಡುಮಧ್ಯಾಹ್ನ ದಾಟಿದರೆ ಭಿಕ್ಕು ಉಣ್ಣುವಂತಿಲ್ಲ. ಅಲ್ಲದೆ ಬೇರೆಯವರು ತೆಗೆದುಕೊಂಡ ಅನ್ನವನ್ನು ಅವರೇ ಮತ್ತೆ ಕೈಯಾರೆ ಕೊಡದೆ ಭಿಕ್ಕು ಮುಟ್ಟುವಂತಿಲ್ಲ. ಈಗ ಆ ಅನ್ನ ಅವ್ವನದು.

ಅಣ್ಣ ಎದ್ದ. ಹೊರಗೆ ಹೋಗುತ್ತಾನೆಂದುಕೊಂಡೆ. ಹೋಗಲಿಲ್ಲ. ಮೈಮೇಲಿನ ಚೀವರ ಸರಿಮಾಡಿಕೊಂಡು ಅವ್ವನೆದುರು ಬಂದು, ಎಲ್ಲ ಮನೆಗಳ ಮುಂದೆ ನಿಲ್ಲುವಂತೆಯೇ, ಕಣ್ಣು ಕೆಳಗಿಟ್ಟು ಸುಮ್ಮನೆ ನಿಂತ.

"ಹೋಗು," ಎಂದಳು ಅವ್ವ. ಅವನು ಅಲುಗಲಿಲ್ಲ. "ವಿನ್ಯಾ, ಹೋಗೋ," ಎಂದಳು. ಇಷ್ಟು ದಿನದಲ್ಲಿ ಮೊದಲ ಸಲ ಹಳೆಯ ಹೆಸರು ಬಾಯಿಗೆ ಬಂದಿತ್ತು. ಆದರೂ ಅವನು ನಿಂತೇ ಇದ್ದ. ಕೊಡು ಎನ್ನಲಿಲ್ಲ. ಹಿರಿಯ ಭಂತೆ ಕಣ್ಣು ಮುಚ್ಚಿಕೊಂಡಿದ್ದರು. ಯಾರಾದರೂ ಏನಾದರೂ ಹೇಳಬಾರದೇ ಎಂದು ನಾನು ಒಳಗೊಳಗೇ ಎಲ್ಲರನ್ನೂ ಬೈದೆ.

ಮಗ ಬಂದು ಮುಂದೆ ನಿಂತರೆ ಅನ್ನ ಇಲ್ಲ ಎನ್ನುವುದು ಅವ್ವನಿಗೆ ಗೊತ್ತಿಲ್ಲ. ಎದ್ದಳು. ಎರಡೂ ಕೈಯಲ್ಲಿ ಪಾತ್ರೆ ಎತ್ತಿ ಅವನ ಕೈಗೆ ಕೊಟ್ಟಳು. ಕೊಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು.

ಅಣ್ಣ ಕೂತು ಎಲ್ಲವನ್ನೂ ಉಂಡ. ಒಂದಗುಳೂ ಬಿಡಲಿಲ್ಲ.

ಆಮೇಲಿನ ಹೊತ್ತನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಅಣ್ಣ ಪಾಠಕ್ಕೆ ಕೂತ. ಅವನು ಒಂದು ಪದಕ್ಕೆ ತಡವರಿಸಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಅವ್ವ ಆಕಳಿಸಿದರೂ ಹೋಗಿ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಅವನ ಕಣ್ಣು, ಇವಳ ತುಟಿ, ಅವನ ಕಣ್ಣು, ಇವಳ ತುಟಿ, ಇಷ್ಟೇ ನೋಡುತ್ತಿದ್ದೆ. ಬಿಸಿಲು ಇಳಿಯಿತು. ಅಣ್ಣನ ದನಿ ಒಂದೇ ಸಮ ಕೇಳುತ್ತಿತ್ತು.

ಆಗ ಅವ್ವನ ಮೈ ನಡುಗತೊಡಗಿತು. ಹೆಗಲು, ಕುತ್ತಿಗೆ, ಗದ್ದ ಎಲ್ಲವೂ. ತಲೆ ಮೊಣಕಾಲಿಗೆ ಬಿತ್ತು. ನಾನು ಎದ್ದುಬಿದ್ದು, "ಚಾಚಾ, ಆಟೋ ಚಾಲೂ ಮಾಡ್ರಿ," ಎಂದು ಕೂಗಿ ಅವಳನ್ನು ಎತ್ತಲು ಹೋದೆ. ಪಾಠ ನಿಂತಿತು. ಅಣ್ಣ ಬಾಗಿಲಿಗೆ ಬಂದಿದ್ದ.

ಅವ್ವ ನನ್ನ ಕೈ ಹಿಡಿದು ಕೂರಿಸಿದಳು. ಮುಖ ಎತ್ತಿದಳು. ಅಳುತ್ತಿದ್ದಳು.

"ಏನೂ ಆಗಿಲ್ಲ ಸುಮ್ಮಕಿರು," ಎಂದಳು. "ಅನ್ನ ಬಿಸಿ ಇತ್ತು ಕಲ್ಯಾಣಿ. ಇಪ್ಪತ್ತ ವರ್ಷ ಆ ಮನಿ ಅನ್ನ ಉಂಡೀನಿ, ಅವರ ಮನ್ಯಾಗೂ ಅನ್ನ ಬಿಸಿ ಇರ್ತದಂತ ನನಗ ಗೊತ್ತ ಇರಲಿಲ್ಲ."